ಕಂಡ ಗಳಿಗೆಯಿಂದ

ನನ್ನ ಅತ್ತೆ ಖರ್ಮನ್ ಮೊಣಕಾಲು ಮುರಿದುಕೊಂಡದ್ದು ನನ್ನ ದೆಸೆಯಿಂದಲೇ ಎಂದು ನಮ್ಮೂರು ನರ್ಸಾಬಾದಿನಲ್ಲಿ ಎಲ್ಲರೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಯಜ್ದ್ ಪಟ್ಟಣದ ಆಸ್ಪತ್ರೆಯಲ್ಲಿ ಮಿದುಳು ಜ್ವರ ಬಂದು ಎಚ್ಚರವಿಲ್ಲದೆ ಮಲಗಿದ್ದೆ. ಅಷ್ಟು ದೂರದಿಂದ, ಕಣ್ಣೂ ಬಿಡದೆ, ಒಬ್ಬರ ಕಾಲು ಮುರಿಯುವ ಶಕ್ತಿ ನನಗಿದ್ದಿದ್ದರೆ ಮದುವೆಯಾದ ಹೊಸತರಲ್ಲೇ ಅದನ್ನು ಬಳಸುತ್ತಿದ್ದೆ.

ನಡೆದದ್ದು ಇಷ್ಟು. ನಮ್ಮ ನಂಬಿಕೆಯಂತೆ ವರ್ಷದ ಕೊನೆಯ ದಿನಗಳಲ್ಲಿ ತೀರಿಹೋದ ಹಿರಿಯರ ಆತ್ಮಗಳು ಮನೆಗೆ ಬಂದು ಉಳಿದಿರುತ್ತವೆ. ಹೊಸ ವರ್ಷದ ಬೆಳಕು ಹರಿಯುವ ಮುಂಚೆ ಎಲ್ಲರೂ ಮಾಳಿಗೆ ಹತ್ತಿ ಬೆಂಕಿ ಹೊತ್ತಿಸಿ ಅವರನ್ನು ಬೀಳ್ಕೊಡುತ್ತೇವೆ. ಬಂದ ನೆಂಟರನ್ನು ಹೊಸಿಲಲ್ಲಿ ನಿಂತು ಕಳಿಸಬಹುದು, ಹಿರಿಯರನ್ನು ಹಾಗೆ ಕಳಿಸಲಾಗದು. ಅವರ ದಾರಿ ಮೇಲಕ್ಕೆ. ಆ ಬೆಳಗ್ಗೆ ಅತ್ತೆಯೂ ಮಾಳಿಗೆಯ ಎರಡು ಮಣ್ಣಿನ ಗುಮ್ಮಟಗಳ ನಡುವೆ ಬೆಂಕಿ ಹಾಕಿ ನಿಂತಿದ್ದರು. ಅಲ್ಲಿಂದ ಮರಳುಗಾಡಿನಾಚೆ ಜರ್ಬಾನು ಬೆಟ್ಟ ಕಾಣುತ್ತದೆ. ಹಿಂದೆ ಯಾವುದೋ ಕಾಲದಲ್ಲಿ ಅರಸನ ಮಗಳೊಬ್ಬಳು ಶತ್ರುಗಳಿಂದ ತಪ್ಪಿಸಿಕೊಂಡು ಓಡಿ ಓಡಿ ಸುಸ್ತಾಗಿ ಆ ಬೆಟ್ಟವನ್ನು ಬೇಡಿಕೊಂಡಳಂತೆ, ಬೆಟ್ಟ ಬಾಯ್ದೆರೆದು ಅವಳನ್ನು ಒಳಗೆ ಕರೆದುಕೊಂಡಿತಂತೆ. ಅವಳೇ ನಮ್ಮ ಬಾನು; ಬೆಟ್ಟ ಬಾಯ್ದೆರೆದ ಜಾಗದಲ್ಲೇ ಅವಳ ಸನ್ನಿಧಿ, ಅದರ ಬಾಗಿಲು. ಅತ್ತೆ ಆ ಕಡೆ ತಿರುಗಿ ಎರಡೂ ಕೈಯೆತ್ತಿ ಕೂಗಿ ಹೇಳಿದರಂತೆ:

"ಬಾನು ತಾಯಿ, ಆ ಹುಡುಗಿ ಕಣ್ಣು ಬಿಡ್ಲಿ. ಎದ್ದು ಬಂದು ನನ್ ಜೊತೆ ಜಗಳ ಆಡ್ಲಿ. ಈ ಬೇಸಿಗೇಲೇ ನಿನ್ ಹತ್ರ ಬರ್ತೀನಿ. ನಿನ್ ಬಾಗಿಲು ಕಂಡ ಗಳಿಗೆಯಿಂದ ಯಾರ ಹೆಗಲಿಗೂ ಒರಗದೆ ನನ್ ಕಾಲ್ ಮೇಲೇ ಹತ್ತಿ ಬರ್ತೀನಿ."

ನಮ್ಮೂರಲ್ಲಿ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಉಪ್ಪಿನ ಡಬ್ಬಿ ದಾಟಿಸಬಹುದು. ಅಂದಮೇಲೆ ಈ ಮಾತು ಯಾರಿಗೆ ಕೇಳಿಸಲಿಲ್ಲ? ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ಕೆಳಗೆ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯಿಂದ ನನ್ನ ಗಂಡ ಗುಶ್ತಾಸ್ಪ್. ನಾನು ಕಣ್ಣು ಬಿಟ್ಟಿದ್ದೆ, ನೀರು ಕೇಳಿದ್ದೆ. ಪಕ್ಕದ ಮನೆಯವಳು ಫೋನೆತ್ತಿ ಸುದ್ದಿ ಕೂಗಿದಳು. ಅತ್ತೆ ಮಾಳಿಗೆಯ ಮೆಟ್ಟಿಲನ್ನು ಹುಡುಗಿಯ ಹಾಗೆ ಓಡಿಕೊಂಡು ಇಳಿದರು, ಅರ್ಧವನ್ನು ಕಾಲಿನಿಂದ, ಉಳಿದರ್ಧವನ್ನು ಬೆನ್ನಿನಿಂದ. ಬಿದ್ದಲ್ಲೇ ಕೂತು ಮೊಣಕಾಲು ಹಿಡಿದುಕೊಂಡು ನಗುತ್ತಿದ್ದರಂತೆ.

ಹೀಗೆ ಬಾನು ಕೇಳಿದ್ದನ್ನು ಆ ಕ್ಷಣವೇ ಕೊಟ್ಟಳು. ಹರಕೆ ತೀರಿಸಬೇಕಾದ ಕಾಲು ಮಾತ್ರ ಅದೇ ಕ್ಷಣ ಮುರಿಯಿತು.

ಬೇಸಿಗೆ ಬಂತು, ಬೆಟ್ಟಕ್ಕೆ ಹೋಗುವ ದಿನಗಳು ಹತ್ತಿರವಾದವು. ಅತ್ತೆ ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದರು. ಮೆಟ್ಟಿಲ ಸುದ್ದಿಯೇ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಅತ್ತೆಯ ಕಿವಿಗೆ ಡಾಕ್ಟರ ಮಾತು ಇಳಿಯುವಂಥದ್ದಲ್ಲ. ಹರಕೆ ತೀರಿಸದಿದ್ದರೆ ಬಾನು ಕೊಟ್ಟದ್ದನ್ನು ವಾಪಸ್ ಕರೆಸಿಕೊಳ್ಳುತ್ತಾಳೆ ಎನ್ನುವುದು ಅವರ ಭಯ. ಕೊಟ್ಟದ್ದೆಂದರೆ ನಾನು. ನಮ್ಮಲ್ಲಿ ಒಂಟಿ ಸೀನು ಬಂದರೆ ಹೊರಟ ಕೆಲಸವನ್ನು ಒಂದು ಗಳಿಗೆ ನಿಲ್ಲಿಸುತ್ತೇವೆ, ಅಷ್ಟೆ. ನಾನು ಸೀನಿದರೆ ಮಾತ್ರ ಅತ್ತೆ ಕೈಲಿದ್ದ ಪಾತ್ರೆ ಕೆಳಗಿಟ್ಟು, ಬಂದು ನನ್ನ ಹಣೆ ಮುಟ್ಟಿ, ಆಮೇಲೆ ಕಿಟಕಿಯಿಂದ ಬೆಟ್ಟದ ಕಡೆ ನೋಡುತ್ತಿದ್ದರು. ರಾತ್ರಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಮುಖ ಇಷ್ಟಾಗಿತ್ತು.

"ಅತ್ತೆ, ನನ್ನ ಜ್ವರ ವಾಸಿ ಮಾಡಿದ್ದು ಔಷಧಿ. ಅದು ವಾಪಸ್ ಬರಲ್ಲ," ಎಂದೆ.

"ನಿನಗೇನು ಗೊತ್ತು? ನೀನು ಅಹ್ವಾಜಿನ ಬಯಲಲ್ಲಿ ಹುಟ್ಟಿದವಳು. ನಿಮ್ಮೋರು ನೆಲ ಅಗೆದು ಎಣ್ಣೆ ಹುಡುಕ್ಕೊಂಡೇ ಕಾಲ ಕಳೆದ್ರು. ತಲೆ ಎತ್ತಿ ನೋಡಿದೋರಾ?"

"ಆ ಎಣ್ಣೆ ಇಲ್ದಿದ್ರೆ ನಿಮ್ಮ ಬಸ್ಸು ಬೆಟ್ಟದ ಬುಡಕ್ಕೂ ಹೋಗ್ತಿರಲಿಲ್ಲ."

"ಹೋಗದಿದ್ರೆ ಕತ್ತೆ ಮೇಲೆ ಹೋಗ್ತಿದ್ವಿ. ಕತ್ತೆ ಹೇಗೂ ಇಷ್ಟೊಂದು ಎದುರು ಮಾತಾಡಲ್ಲ."

ಎದುರು ಮಾತು ನನಗೂ ಸಾಕಷ್ಟು ಬರುತ್ತದೆ. ಆದರೆ ಅವತ್ತು ನುಂಗಿಕೊಂಡೆ. ನಾನು ಹರಕೆಗಿರಕೆ ನಂಬುವವಳಲ್ಲ. ಆದರೂ ಮದುವೆಯಾಗಿ ಬಂದಾಗಿನಿಂದ ನನ್ನ ಅನ್ನಕ್ಕೆ ಉಪ್ಪು ಹೆಚ್ಚು, ನನ್ನ ಬಟ್ಟೆಗೆ ಗಂಜಿ ಕಡಿಮೆ ಎಂದು ಕಾಡಿದ ಹೆಂಗಸು ನನಗಾಗಿ ಊರೆಲ್ಲ ಕೇಳುವ ಹಾಗೆ ಕೂಗಿಕೊಂಡಿದ್ದರು. ಅವರು ನೆಮ್ಮದಿಯಿಂದ ಒಂದು ತುತ್ತು ಉಣ್ಣಬೇಕಾದರೆ ಬೆಟ್ಟ ಹತ್ತಿಸಲೇಬೇಕು. ಹತ್ತಿಸಿದರೆ ಮೊಣಕಾಲು ಪೂರ್ತಿ ಹೋಗುತ್ತದೆ.

ಸನ್ನಿಧಿಯ ಉಸ್ತುವಾರಿ ನೋಡುವ ತೀರಂದಾಜಣ್ಣ ಆ ವಾರ ದವಸ ಕೂಡಿಸಲು ಊರಿಗೆ ಬಂದಿದ್ದರು. ಬೆಟ್ಟದ ಕಟ್ಟಲೆಗಳ ವಿಷಯದಲ್ಲಿ ಅವರು ಬಲು ಬಿಗಿ. ಬಸ್ಸಾಗಲಿ ಕಾರಾಗಲಿ, ಕೊನೆಯ ತಿರುವಿನಲ್ಲಿ ಬಾನುವಿನ ಬಾಗಿಲು ಕಣ್ಣಿಗೆ ಬಿದ್ದ ಕೂಡಲೇ ಎಲ್ಲರೂ ಇಳಿಯಬೇಕು, ಅಲ್ಲಿಂದ ನಡಿಗೆ. ದೊರೆ ಷಾನೇ ಬಂದಿದ್ದರೂ ಇಳಿಸುತ್ತಿದ್ದೆ ಎನ್ನುವ ಆಸಾಮಿ. ನಾನು ಚಹಾ ಕೊಟ್ಟು, ಪಿಸ್ತಾ ತಟ್ಟೆ ಮುಂದಿಟ್ಟು, ಮೆತ್ತಗೆ ಕೇಳಿದೆ.

"ಅಣ್ಣಾ, ಕುರುಡರು ಬಂದ್ರೆ ಏನ್ಮಾಡ್ತೀರಿ?"

"ಪಾಪ, ಅವರಿಗೆ ಕಾಣೋದೇ ಇಲ್ವಲ್ಲಮ್ಮ. ಕುರ್ಚೀಲಿ ಕೂರಿಸಿ ಬಾಗಿಲ ತನಕ ಹೊತ್ಕೊಂಡು ಹೋಗ್ತೀವಿ. ಮುಂಚಿಂದ್ಲೂ ಹಾಗೇ."

"ಅಂದ್ರೆ, ಕಂಡ್ರೆ ಮಾತ್ರ ನಡೀಬೇಕು."

"ಹೂಂ. ಕಂಡ ಗಳಿಗೆಯಿಂದ."

"ಕಣ್ಣಿಗೆ ಬಟ್ಟೆ ಕಟ್ಕೊಂಡ್ರೆ?"

ತೀರಂದಾಜಣ್ಣ ಪಿಸ್ತಾ ಬಾಯಿಗೆ ಹಾಕಿಕೊಳ್ಳಲು ಹೋದವರು ಹಾಗೇ ನಿಂತರು. ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು.

"ಇದು ಕಿತಾಪತಿ," ಎಂದರು ತೀರಂದಾಜಣ್ಣ.

"ಕಿತಾಪತಿ ಅಲ್ಲ, ಲೆಕ್ಕ," ಎಂದರು ಅತ್ತೆ. ಬಹಳ ದಿನಗಳ ಮೇಲೆ ಅವರ ಕಣ್ಣಲ್ಲಿ ಬೆಳಕು ಬಂದಿತ್ತು. "ನಾನು ಏನಂತ ಹರಕೆ ಹೊತ್ತಿದ್ದು? ನಿನ್ ಬಾಗಿಲು ಕಂಡ ಗಳಿಗೆಯಿಂದ ಅಂತ. ಬಾಗಿಲ ಮುಂದೆ ಹೋಗಿ ಕಂಡ್ರೆ ಅಲ್ಲಿಂದ ನಡೀತೀನಿ. ಒಂದು ಹೆಜ್ಜೆ ನಡೆದ್ರೂ ನಡೆದಂಗೇ."

"ದಾರೀಲಿ ಒಂದು ಸಲ ಇಣುಕಿದ್ರೂ ಮುಗೀತು ನೋಡು, ಖರ್ಮನಕ್ಕ. ಆಮೇಲೆ ಕುರ್ಚಿ ಮೇಲೆ ಕೂರಿಸಲ್ಲ."

"ಇಣುಕಲ್ಲ ಕಣೋ. ನಾನೇನು ನಿನ್ನ ಹೆಂಡ್ತೀನಾ?"

ತೀರಂದಾಜಣ್ಣನ ಹೆಂಡತಿ ಬಾಗಿಲ ಸಂದಿಯಿಂದ ಬೀದಿ ನೋಡುವುದು ಊರಿಗೇ ಗೊತ್ತಿದ್ದ ವಿಷಯ. ಅವರು ಸೋತು ನಕ್ಕರು.

ಹೊರಟ ದಿನ ಬಸ್ಸಿನ ತುಂಬ ನಮ್ಮೂರ ಹೆಂಗಸರು, ಮಕ್ಕಳು, ಹಿಟ್ಟಿನ ಚೀಲ, ಎಣ್ಣೆ ಡಬ್ಬ, ತಮಟೆಯಂಥ ದಫ್ಫುಗಳು. ಅತ್ತೆ ಹಸಿರು ರೇಷ್ಮೆಯ ಕಸೂತಿ ವಸ್ತ್ರವನ್ನು ತಲೆಗೆ ಹೊದ್ದು, ಇನ್ನೊಂದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ತಿರುವು ಬರುವ ಮುಂಚೆ ಅದನ್ನು ನಾನೇ ಅವರ ಕಣ್ಣಿಗೆ ಬಿಗಿದೆ. ಬಸ್ಸಿನವರೆಲ್ಲ ಎದ್ದು ನಿಂತು ಪರೀಕ್ಷೆ ಮಾಡಿದರು. ಒಬ್ಬಳು ಮೂಗಿನ ಮುಂದೆ ಬೆರಳು ಆಡಿಸಿದಳು, ಇನ್ನೊಬ್ಬಳು ಅತ್ತೆಗೆ ನಾಲಗೆ ಚಾಚಿ ತೋರಿಸಿದಳು. ಅತ್ತೆ ಅಲುಗಲಿಲ್ಲ, ಪಾಸಾದರು.

ತಿರುವಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಬಾಗಿಲು ಕಂಡ ಖುಷಿಗೆ ಕೈಯೆತ್ತಿ "ಹಾಬೀರೂ, ಹಾಬೀರೂ, ಶಾಬಾಶ್!" ಎಂದು ಕೂಗಿದರು. ಬೋಳು ಬಂಡೆಗಳ ನಡುವೆ, ಬೆಟ್ಟದ ಎದೆಯ ಎತ್ತರದಲ್ಲಿ, ಒಂದು ಹಸಿರು ಮರದ ಪಕ್ಕ ಹಿತ್ತಾಳೆಯ ಬಾಗಿಲು. ಅದರ ಕೆಳಗೆ ಯಾತ್ರಿಕರು ಉಳಿಯುವ ಕಟ್ಟೆಮನೆಗಳು ಒಂದರ ಕೆಳಗೊಂದು, ಒಬ್ಬರ ಮಾಳಿಗೆ ಮೇಲಿನವರಿಗೆ ಅಂಗಳ. ಕೂಗಿನ ಜೊತೆ ಅತ್ತೆಯ ಕೈಗಳೂ ತಾವಾಗಿ ಮೇಲೆದ್ದವು. ಆಮೇಲೆ ಮೆಲ್ಲಗೆ ಇಳಿದವು.

"ಏನು ಕಾಣ್ತಿದೆ? ಹೇಳು," ಎಂದರು.

"ಬಾಗಿಲಿದೆ. ಮರ ಇದೆ. ಮೆಟ್ಟಿಲಿದೆ."

"ಇದೇನು ಅಂಗಡಿ ಸಾಮಾನಿನ ಚೀಟೀನಾ? ಸರಿಯಾಗಿ ಹೇಳೇ."

"ಬಾಗಿಲ ಮೇಲೆ ಬಿಸಿಲು ಬಿದ್ದಿದೆ, ಅತ್ತೆ."

"ಹೊಳೀತಿದ್ಯಾ?"

"ಹೊಳೀತಿದೆ."

ವರ್ಷವಿಡೀ ಈ ತಿರುವಿಗಾಗಿ ಕಾಯುವವರು ಅವರು. ಚಿಕ್ಕಂದಿನಲ್ಲಿ ಅಪ್ಪನ ಕತ್ತೆಯ ಬೆನ್ನಿನಿಂದ ಮೊದಲು ಬಾಗಿಲು ಕಂಡದ್ದನ್ನು ನನಗೆ ಎಷ್ಟು ಸಲ ಹೇಳಿದ್ದರೋ. ನನ್ನ ಜಾಣತನ ಅವರಿಂದ ಏನನ್ನು ಕಿತ್ತುಕೊಂಡಿತ್ತು ಎಂದು ನನಗೆ ಆಗ ಹೊಳೆಯಿತು. ಅಷ್ಟರಲ್ಲಿ ಕುರ್ಚಿ ಬಂತು.

ಮನೆಯ ಪ್ಲಾಸ್ಟಿಕ್ ಕುರ್ಚಿಗೆ ಎರಡು ಗಳ ಕಟ್ಟಿದ್ದರು. ಮುಂದೆ ಅತ್ತೆಯ ತಂಗಿಯ ಅವಳಿ ಗಂಡುಮಕ್ಕಳು, ಹಿಂದೆ ನನ್ನ ಗಂಡ ಮತ್ತು ಬಸ್ಸಿನ ಡ್ರೈವರು. ಅತ್ತೆ ಮದುವೆಯ ಹೆಣ್ಣಿನ ಹಾಗೆ ನೆಟ್ಟಗೆ ಕೂತರು. ದಫ್ ಬಾರಿಸುತ್ತ ಮೆರವಣಿಗೆ ಹತ್ತತೊಡಗಿತು. ಮೇಲಿನ ಕಟ್ಟೆಗಳಲ್ಲಿ ಮೊದಲೇ ಬಂದಿದ್ದವರು ರೊಟ್ಟಿ ಕರಿಯುವುದನ್ನು ಬಿಟ್ಟು ಅಂಚಿಗೆ ಬಂದು ಬಗ್ಗಿ ನೋಡಿದರು.

"ಖರ್ಮನಕ್ಕ, ಎಡಕ್ಕೆ ನೋಡಬೇಡಿ, ನನ್ನ ಗಂಡ ಅಂಗಿ ಇಲ್ದೆ ಕೂತಿದಾರೆ!" ಎಂದಳೊಬ್ಬಳು.

"ಅದಕ್ಕೇ ಕಣೇ ಬಟ್ಟೆ ಕಟ್ಕೊಂಡಿರೋದು!" ಎಂದರು ಅತ್ತೆ.

ನಗು ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಗುಶ್ತಾಸ್ಪ್ ಏದುಸಿರು ಬಿಡುತ್ತ, "ಅಮ್ಮಾ, ನಗಬೇಡ, ನೀನು ನಕ್ಕಾಗ ಭಾರ ಆಗ್ತೀಯ," ಎಂದ. ನಾನು ಕುರ್ಚಿಯ ಮುಂದೆ ಮುಂದೆ ಹತ್ತುತ್ತಿದ್ದೆ. ಅರ್ಧ ದಾರಿ ಕಳೆದಿತ್ತು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು.

ಅಲ್ಲಿ ಒಂದು ಕಟ್ಟೆಯ ಮೂಲೆಯಲ್ಲಿ ಪುಣ್ಯಾತ್ಗಿತ್ತಿಯೊಬ್ಬಳು ಬರುವವರ ದೃಷ್ಟಿ ತೆಗೆಯಲು ಧೂಪ ಹಾಕುತ್ತಿದ್ದಳು. ನನ್ನನ್ನು ಕಂಡು, "ಜ್ವರದಿಂದ ಎದ್ದು ಬಂದವಳು ಇವಳೇ ಅಲ್ವಾ!" ಎಂದು ಪ್ರೀತಿಯಿಂದ ಹೊಗೆಯನ್ನೆಲ್ಲ ನನ್ನ ಮುಖಕ್ಕೇ ಬೀಸಿದಳು. ನನಗೆ ಸೀನು ಬಂತು. ತಡೆದುಕೊಂಡೆ. ತಡೆದದ್ದು ಹೆಚ್ಚಾಗಿ, ಒಂದಾದ ಮೇಲೊಂದು ಸಾಲಾಗಿ ಸೀನು ಹೊರಟು, ಮೈಯೆಲ್ಲ ನಡುಗಿ, ನಾನು ಮೆಟ್ಟಿಲ ಮೇಲೆ ಕುಕ್ಕರುಬಡಿದೆ.

"ಫರಂಗೀಸ್!"

ನನ್ನ ಹೆಸರು ಕೂಗಿದ್ದು ಕೇಳಿ ತಿರುಗಿ ನೋಡಿದರೆ ಅತ್ತೆ ಕಣ್ಣಿನ ಬಟ್ಟೆ ಕಿತ್ತು ಎಸೆದಿದ್ದರು. ಕುರ್ಚಿಯಿಂದ ಮುಂದಕ್ಕೆ ಬಗ್ಗಿ, ಅಂಗೈಯನ್ನು ನನ್ನ ಹಣೆಗೆ ಒತ್ತಿ, ಬೆದರಿದ ಕಣ್ಣಿಂದ ನನ್ನ ಮುಖ ನೋಡುತ್ತಿದ್ದರು. ಹಣೆ ತಣ್ಣಗಿತ್ತು. ಅದು ಗೊತ್ತಾದ ಮೇಲೆ ಅವರ ಕಣ್ಣು ನಿಧಾನವಾಗಿ ನನ್ನ ಹೆಗಲ ಮೇಲಿಂದ ಮೇಲಕ್ಕೆ ಹೋಯಿತು. ಅಲ್ಲಿ ಬಾಗಿಲಿತ್ತು.

ದಫ್ ನಿಂತಿತು. ಮೇಲೆ ಮೆಟ್ಟಿಲ ತುದಿಯಲ್ಲಿ ತೀರಂದಾಜಣ್ಣ ನಿಂತು ಎಲ್ಲವನ್ನೂ ನೋಡಿದ್ದರು.

"ನೋಡಿಲ್ಲ ಅನ್ನಿ, ಅತ್ತೆ," ಎಂದು ಪಿಸುಗುಟ್ಟಿದೆ. "ನನ್ನನ್ನ ಮಾತ್ರ ನೋಡಿದ್ದು ಅನ್ನಿ."

ಅತ್ತೆಗೆ ನನ್ನ ಮಾತು ಕೇಳಿಸಿತೋ ಇಲ್ಲವೋ. ಅವರ ಮುಖ ಅರಳುತ್ತಿತ್ತು. "ಅಬ್ಬಾ," ಎಂದರು. "ಈ ಸಲ ಚೆನ್ನಾಗಿ ತಿಕ್ಕಿದ್ದಾರೆ ಬಾಗಿಲನ್ನ." ಎರಡೂ ಕೈಯೆತ್ತಿ, ತಿರುವಿನಲ್ಲಿ ಕೂಗಬೇಕಾಗಿದ್ದ ಕೂಗನ್ನು ಅಲ್ಲಿ, ಒಬ್ಬರೇ, ಗಂಟಲು ಬಿರಿಯುವ ಹಾಗೆ ಕೂಗಿದರು. ಆಮೇಲೆ ಮಗನ ಕಡೆ ತಿರುಗಿ, "ಇಳಿಸೋ. ನಡೀತೀನಿ," ಎಂದರು.

ಇಳಿಸಿದರು. ಬೇರೆ ದಾರಿಯಿರಲಿಲ್ಲ. ಬಂಡೆಯನ್ನು ಮುಟ್ಟದೆ, ಯಾರ ಕೈಯನ್ನೂ ಹಿಡಿಯದೆ, ಒಂದು ಮೆಟ್ಟಿಲು ಹತ್ತಿದರು. ನಿಂತು ಉಸಿರು ತೆಗೆದುಕೊಂಡು ಇನ್ನೊಂದು ಹತ್ತಿದರು. ಮುಂದಿನದರ ಮೇಲೆ ಕಾಲು ನಡುಗಿತು, ಬಣ್ಣಗೆಟ್ಟ ಮುಖದಿಂದ ಕೂತುಬಿಟ್ಟರು. ನಾನು ಹೆಗಲು ಕೊಡಲು ಹೋದರೆ ತಳ್ಳಿದರು.

"ಹೆಗಲಿಗೆ ಒರಗಲ್ಲ ಅಂದಿದೀನಿ. ನಿನ್ನ ಹೆಗಲಿಗಂತೂ ಖಂಡಿತ ಇಲ್ಲ. ನಿನಗೋಸ್ಕರಾನೇ ಹೊತ್ತಿದ್ದು."

ಮೆಟ್ಟಿಲು ಸಣ್ಣದು. ಹಿಂದೆ ಊರಿಗೆ ಊರೇ ನಿಂತಿತ್ತು. ಒಬ್ಬರೂ ಅತ್ತೆಯನ್ನು ದಾಟಿ ಹೋಗಲಿಲ್ಲ, ಬೇಗ ಎನ್ನಲಿಲ್ಲ. ಹೆಂಗಸರು ಇದ್ದಲ್ಲೇ ಚಕ್ಕಳಮಕ್ಕಳ ಹಾಕಿದರು. ಮೇಲಿನ ಕಟ್ಟೆಯಿಂದ ಕರಿದ ಬಿಸಿ ರೊಟ್ಟಿ ಕೈಯಿಂದ ಕೈಗೆ ಇಳಿದು ಬಂತು, ಒಣದ್ರಾಕ್ಷಿ ಬಾದಾಮಿಯ ಚೀಲಗಳು ಬಿಚ್ಚಿಕೊಂಡವು. ಯಾರೋ ದಫ್ ಮತ್ತೆ ಶುರು ಮಾಡಿದರು. ಮಕ್ಕಳು ಕುರ್ಚಿಯ ಮೇಲೆ ಕೂರಲು ಜಗಳಕ್ಕೆ ಬಿದ್ದವು. ಹಬ್ಬ ಬಾಗಿಲ ತನಕ ಕಾಯದೆ ನಡುದಾರಿಯಲ್ಲೇ ಆಯಿತು. ಅತ್ತೆ ಎರಡು ರೊಟ್ಟಿ ತಿಂದರು. ಎಷ್ಟೋ ದಿನದ ಮೇಲೆ ಅವರು ಹೊಟ್ಟೆ ತುಂಬ ತಿಂದದ್ದನ್ನು ನೋಡುತ್ತ, ಹಣೆಬರಹಕ್ಕಿಂತ, ಸೀನಿ ಎಲ್ಲ ಕೆಡಿಸಿದ ನನ್ನ ಮೂಗಿನ ಮೇಲೆಯೇ ನನಗೆ ಸಿಟ್ಟು ಬಂತು.

ತೀರಂದಾಜಣ್ಣ ಇಳಿದು ಬಂದರು. ಬಿಗಿಯಾಗಿದ್ದ ಅವರ ಮುಖವೂ ಸಡಿಲಾಗಿತ್ತು. "ಖರ್ಮನಕ್ಕ, ಇಷ್ಟೇ ಸಾಕು. ಬಾನು ಅರ್ಥ ಮಾಡ್ಕೋತಾಳೆ," ಎಂದರು.

ಅತ್ತೆ ಎಣ್ಣೆಯ ಬೆರಳನ್ನು ಒರೆಸಿಕೊಂಡರು. ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು, ಸಂತೆಯಲ್ಲಿ ನೋಡುತ್ತಾರಲ್ಲ ಹಾಗೆ.

"ತೀರಂದಾಜ, ಒಂದು ಮಾತು ಕೇಳ್ತೀನಿ. ಹರಕೆ ಕುರೀನ ಮೇಲಕ್ಕೆ ಹೇಗೆ ತರ್ತಾರೆ?"

"ಕೊರಳು ಹಿಡ್ಕೊಂಡು ತರ್ತಾರೆ."

"ಕಡಿದಾದ ಮೆಟ್ಟಿಲಲ್ಲಿ ಅದರ ಮೇಲೆ ಸ್ವಲ್ಪ ಭಾರ ಹಾಕ್ತಾರೋ ಇಲ್ವೋ?"

"ಹಾಕ್ತಾರಪ್ಪ. ವಯಸ್ಸಾದೋರು ಹಾಕ್ದೇ ಇರ್ತಾರಾ."

"ಕುರಿಗೆ ಒರಗಿದ, ಇವನ ಹರಕೆ ಕೆಟ್ಟೋಯ್ತು ಅಂತ ಯಾರನ್ನಾದ್ರೂ ವಾಪಸ್ ಕಳ್ಸಿದೀಯಾ?"

"ಅದ್ಯಾಕೆ ಕಳಿಸ್ಲಿ? ಅದು ಒರಗೋದಲ್ಲ, ಹರಕೇನ ಹಿಡ್ಕೊಂಡು ಬರೋದು," ಎಂದ ತೀರಂದಾಜಣ್ಣನಿಗೆ ತಾನು ಎಲ್ಲಿಗೆ ಬಂದು ನಿಂತೆ ಎಂದು ಆಗ ಹೊಳೆಯಿತು.

"ಹಾಗಾದ್ರೆ ಇವಳೇ ನನ್ನ ಕುರಿ," ಎಂದು ಅತ್ತೆ ನನ್ನ ಕುತ್ತಿಗೆಗೆ ಕೈ ಹಾಕಿ ಎದ್ದು ನಿಂತರು.

ಅದಕ್ಕೆ ಎದ್ದ ನಗುವಿಗೆ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು.

"ನಾನಾ? ಕುರೀನಾ?" ಎಂದೆ.

"ಸುಮ್ನಿರು. ಕುರಿ ಮಾತಾಡಲ್ಲ."

"ಇದು ಕೊಂಬಿರೋ ಕುರಿ, ಖರ್ಮನಕ್ಕ, ಜೋಪಾನ!" ಎಂದರು ತೀರಂದಾಜಣ್ಣ, ಕಣ್ಣೊರೆಸಿಕೊಳ್ಳುತ್ತ. ಕಟ್ಟಲೆಯ ಮನುಷ್ಯ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.

ಹತ್ತಿದೆವು. ಅತ್ತೆಯ ಭಾರವೆಲ್ಲ ನನ್ನ ಕೊರಳ ಮೇಲಿತ್ತು. ಅವರ ನೋಯುವ ಕಾಲಿಗೆ ಬದಲಾಗಿ ನನ್ನ ಕಾಲು, ನನ್ನ ಉಸಿರಿಗೆ ಬದಲಾಗಿ ಅವರ ಬೈಗುಳ. ನೆಟ್ಟಗೆ ನಡೆ, ಎಡವಬೇಡ, ಇಷ್ಟು ಸಣ್ಣ ಆಗಿದೀಯಲ್ಲ, ಮೇಯಿಸಬೇಕು ನಿನ್ನ, ಎನ್ನುತ್ತ ಪ್ರತಿ ಮೆಟ್ಟಿಲಿಗೂ ಏನಾದರೊಂದು. ಬಯಲಲ್ಲಿ ಬೆಳೆದ ನನಗೆ ಎತ್ತರಕ್ಕೆ ಯಾಕೆ ಕೈ ಮುಗಿಯಬೇಕೆಂದು ಅದುವರೆಗೆ ಗೊತ್ತಿರಲಿಲ್ಲ. ಒಬ್ಬರನ್ನು ಹಿಡಿದುಕೊಂಡು ಹತ್ತುವಾಗ ಅದು ತಾನಾಗಿ ಗೊತ್ತಾಗುತ್ತದೆ. ಹಿಂದೆ ಊರೆಲ್ಲ ನಮ್ಮ ನಡಿಗೆಗೆ ತಕ್ಕಂತೆ ದಫ್ ಬಾರಿಸುತ್ತ, ಹಾಡುತ್ತ, ನಿಂತಾಗ ನಿಲ್ಲುತ್ತ ಬಂತು. ಎದುರಿನ ಬೆಟ್ಟದ ನೆರಳು ನಮ್ಮ ಕಾಲ ಬಳಿ ಬರುವ ಹೊತ್ತಿಗೆ ಬಾಗಿಲು ಮುಟ್ಟಿದೆವು.

ಚಪ್ಪಲಿ ಕಳಚಿದೆವು. ಒಳಗೆ ಬಂಡೆಯೇ ಸೂರು. ದೀಪ ಉರಿಯುತ್ತಿತ್ತು. ಮೇಲಿನ ಬಿರುಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತೀರಂದಾಜಣ್ಣ ಬಾಗಿಲಲ್ಲಿ ನಿಂತು, ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು, "ಕುರಿ ತಂದೋರು ಅದನ್ನ ಇಲ್ಲೇ ಬಿಟ್ಟು ಹೋಗ್ಬೇಕು, ಅಕ್ಕ," ಎಂದರು.

"ಬಿಡೋಕೆ ತಂದಿಲ್ಲ. ತೋರಿಸಿ ಕರ್ಕೊಂಡು ಹೋಗೋಕೆ ತಂದಿರೋದು," ಎಂದರು ಅತ್ತೆ.

ನನ್ನನ್ನು ಬಂಡೆಯ ಮುಂದೆ ನಿಲ್ಲಿಸಿದರು. ತೊಟ್ಟಿಕ್ಕುವ ನೀರನ್ನು ಅಂಗೈಯಲ್ಲಿ ಹಿಡಿದು ನನ್ನ ಹಣೆಗೆ ಬಳಿದರು. ಆಮೇಲೆ, ಮಾಳಿಗೆಯ ಮೇಲೆ ಕೂಗಿದ ಹಾಗಲ್ಲ, ಪಕ್ಕದ ಮನೆಯವಳ ಹತ್ತಿರ ಮಾತಾಡುವ ಹಾಗೆ ಬಂಡೆಗೆ ಹೇಳಿದರು:

"ನೋಡವ್ವಾ, ಇವಳೇ. ಬಾಯಿ ಜೋರು. ಅಡುಗೆ ಅಷ್ಟಕ್ಕಷ್ಟೆ. ಕೆಳಗೆ ನೋಡಿ ಬೆಳೆದವಳು, ಮೇಲೆ ನೋಡೋದು ಇನ್ನೂ ಕಲೀಬೇಕು. ಇವಳಿಗಿಂತ ಒಳ್ಳೇವಳನ್ನ ಕೊಡು ಅಂತ ನಾನು ಕೇಳ್ಲಿಲ್ಲ. ಇವಳೇ ಬೇಕು ಅಂದೆ. ನೀನು ಕೊಟ್ಟೆ."

ನಾನು ಅಳತೊಡಗಿದೆ, ಮಕ್ಕಳ ಹಾಗೆ, ಗಟ್ಟಿಯಾಗಿ. ಹೊರಗೆ ಗುಶ್ತಾಸ್ಪ್ ಗಾಬರಿಯಿಂದ, "ಏನಾಯ್ತಮ್ಮಾ?" ಎಂದು ಕೂಗಿದ.

"ಏನಿಲ್ಲ ಕಣೋ," ಎಂದು ಅತ್ತೆ ಕೂಗಿ ಹೇಳಿದರು. "ಹರಕೆ ಮುಟ್ಟಿತು."